ಬೊಂತೆ ಒಗೆದ ದಿನ

ಒಣಗಿದ್ದಾಗ ಅದು ಹಗುರ.
ಎಳೆ ಹುಡುಗ ಕೂಡ ಹೆಗಲಿಗೇರಿಸಿಕೊಂಡು
ಜಮೀನ್ದಾರನ ಹಾಗೆ ನಡೆದಾನು.
ನೀರು ಕುಡಿಯಿತೋ,
ತುಂಬುಗಬ್ಬದ ಎಮ್ಮೆ.

ಶಿಡ್ಲಘಟ್ಟದ ನಮ್ಮ ಬೀದಿಗೆ ನೀರು ಬಿಡುವುದು ಮಂಗಳವಾರ.
ತೊಟ್ಟಿಯಲ್ಲಿ ನೆನೆಹಾಕಿ, ಸೋಪಿನ ಪುಡಿ ಉದುರಿಸಿ,
ಸೀರೆ ಎತ್ತಿ ಕಟ್ಟಿ ತುಳಿದೆ.
ಕಾಲಡಿ ಒಂದೊಂದೇ ಚೂರು ಉಸಿರು ಬಿಟ್ಟವು:
ನನ್ನ ಧಾರೆ ಸೀರೆಯಲ್ಲ, ಅದಕ್ಕೆ ಕತ್ತರಿ ಮುಟ್ಟಿಸಲು ನಾನು ಬಿಡಲಿಲ್ಲ,
ಮರುದಿನ ಉಟ್ಟ ಗಿಳಿಹಸಿರಿನದು;
ಮಾವನವರ ಪಟ್ಟೆ ಚಡ್ಡಿ, ಅದಕ್ಕೆ ಅಂಟಿಕೊಂಡೇ
ಅವರನ್ನು ಜನ್ಮವಿಡೀ ಬೈದ ಅವರಕ್ಕನ ಕುಪ್ಪಸ;
ಮೈದಾ ಚೀಲದ ತಲೆಕೆಳಗಾದ ಅಕ್ಷರಗಳು.
ಈ ಮನೆಯ ಮೂರು ಮಕ್ಕಳು
'ಮ' ಕಲಿತದ್ದು ಮಲಗಿಕೊಂಡು, ಉಲ್ಟಾ.
ದರ್ಜಿ ದಸ್ತಗೀರ್ ಸಾಬರು ಕೊಟ್ಟ ಚಿಂದಿಯಂತೂ
ಅರ್ಧ ಊರಿನ ಜೇಬು, ಕಾಲರು.
ಯಾರದೆಂದೇ ಗೊತ್ತಿಲ್ಲದ ಒಂದು ಹಳದಿ.
ಕೇಳಿದ್ದಕ್ಕೆ ಅತ್ತೆ,
"ಇರಲಿ ಬಿಡು, ಚಳಿಗೆ ಹೆಸರು ಬೇಕಾ" ಅಂದಿದ್ದರು.

ಅತ್ತೆ ಚಿನ್ನಪಾಪಮ್ಮ.
ಗೂಡು ಬೇಯಿಸುವ ನೀರಿನಲ್ಲಿ ಬೆಂದು
ಬಿಳಿಚಿಕೊಂಡ ಬೆರಳುಗಳು.
ಹಗಲೆಲ್ಲ ಯಾರಿಗೋ ರೇಷ್ಮೆ ಎಳೆದು
ರಾತ್ರಿ ನಮಗೆ ಹಳೇ ಹತ್ತಿ ಹೊಲಿದರು.
ಕೊನೇ ಮೂಲೆ ಮುಚ್ಚುವ ಮೊದಲು
ಒಂದು ಚಿಟಿಕೆ ರಾಗಿ ಒಳಗೆ ಹಾಕಿ,
"ಹೊದೆಯುವವರ ಹೊಟ್ಟೆ ತುಂಬಿರಲಿ" ಎಂದು
ಹಲ್ಲಿನಲ್ಲಿ ದಾರ ಕಡಿದರು.

ಒಗೆಯುವುದು ಒಬ್ಬಳ ಕೈಲಾಗುತ್ತದೆ.
ಹಿಂಡುವುದು ಆಗುವುದಿಲ್ಲ.

ಗಂಡ ಗೂಡಿನ ಮಾರುಕಟ್ಟೆಯಲ್ಲಿ,
ಮಗಳು ಚಿಂತಾಮಣಿಯ ಕಾಲೇಜಿನಲ್ಲಿ.
ಗೋಡೆಯಾಚೆ ಪಾತ್ರೆಯ ಸದ್ದು:
ಓರಗಿತ್ತಿ ಅಶ್ವತ್ಥಮ್ಮ.
ಮಾತು ಬಿಟ್ಟು ನಾಲ್ಕು ವರ್ಷ.
ಪಾಲಾದಾಗ ಬೀರು ಅವರಿಗೆ, ಮಂಚ ನಮಗೆ,
ಒರಳುಕಲ್ಲು ಯಾರಿಗೂ ಬೇಡ.
ಬೊಂತೆಗೆ ಮಾತ್ರ ಇಬ್ಬರೂ ಕೈಯಿಟ್ಟೆವು.
ಚೀಟಿ ಎತ್ತಿಸಿದರು. ನನ್ನ ಹೆಸರು ಬಂತು.
ಚೀಟಿ ಬರೆದವನು ನಿನ್ನ ಗಂಡ ತಾನೇ, ಅಂದಳು.
ಅಂದದ್ದು ಸುಳ್ಳೇನಲ್ಲ.

ನಾನು ಕರೆಯಲಿಲ್ಲ.
ಎತ್ತಲು ಹೋಗಿ, ಜಾರಿ, ಬೊಂತೆ ಕಲ್ಲಿನ ಮೇಲೆ ಬಿತ್ತು,
ಆ ಸದ್ದು ಕರೆಯಿತು.
ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಬಂದಳು,
ನನ್ನ ಮುಖ ನೋಡಲಿಲ್ಲ,
ಆ ತುದಿ ಹಿಡಿದಳು.

ಅವಳು ತನ್ನ ಬಲಕ್ಕೆ ತಿರುವಿದಳು,
ನಾನು ನನ್ನ ಬಲಕ್ಕೆ.
ಎದುರುಬದುರು ನಿಂತರೆ
ಎರಡು ಬಲವೂ ಬಟ್ಟೆಗೆ ಜಗಳವೇ,
ನೀರು ಇಳಿಯುವುದು ಆ ಜಗಳಕ್ಕೇ.
ಮೊದಲು ಕೆಸರು. ಆಮೇಲೆ ಹೊಗೆಯ ಬಣ್ಣ.
ಹುರಿಯಾಗಿ ಬಿಗಿದು, ಗಂಟುಗಂಟಾಗಿ,
ಕೊನೆಗೆ ಬರೀ ನೀರು, ತೊಟತೊಟ.

"ಆ ನೀಲಿ ಚೌಕ ನಂದು," ಅಂದಳು.
"ಹೈಸ್ಕೂಲಿನ ಲಂಗ. ತವರಿಂದ ತಂದಿದ್ದೆ."
"ಗೊತ್ತು," ಅಂದೆ.
ಗೊತ್ತಿರಲಿಲ್ಲ.
ಸಾಬರ ಅಂಗಡಿಯದೆಂದೇ
ಇಷ್ಟು ವರ್ಷ ಕಾಲಡಿ ಎಳೆದುಕೊಂಡಿದ್ದೆ.

ತಂತಿ ತಡೆಯದ ಭಾರ.
ಪಾಲಿನಲ್ಲಿ ಎದ್ದ ಗೋಡೆಯ ಮೇಲೇ ಹರಡಿದೆವು,
ಗಾರೆ ಕಾಣದ ಇಟ್ಟಿಗೆ,
ಅರ್ಧ ಈಚೆ, ಅರ್ಧ ಆಚೆ.
ಅವಳು ಹೋದಳು. ಅನ್ನಕ್ಕಿಡಲು ನಾನು ಒಳಗೆ ಬಂದೆ.

ಮಧ್ಯಾಹ್ನದ ಮೇಲೆ ಬಿಸಿಲು ಅವಳ ಅಂಗಳಕ್ಕೆ ಸರಿಯುತ್ತದೆ.
ನಾಲ್ಕಕ್ಕೆ ನೋಡಿದರೆ ಯಾರೋ ತಿರುವಿ ಹಾಕಿದ್ದರು,
ಈಚೆಯ ಹಸಿ ಅರ್ಧ ಆಚೆಗೆ,
ಒಣಗಿದ್ದು ನನ್ನ ಕಡೆಗೆ.
ರಾಗಿಯ ಮೂಲೆ ಹಿಚುಕಿ ನೋಡಿದೆ,
ಒಳಗೆ ಇನ್ನೂ ತೇವ.

ಈಗ ಇಬ್ಬನಿ ಬೀಳುವ ಹೊತ್ತು.
ಯಾವ ಕಡೆಯಿಂದ ಎಳೆದುಕೊಳ್ಳಬೇಕೋ ತಿಳಿಯದೆ
ಬಾಗಿಲಲ್ಲಿ ನಿಂತಿದ್ದೇನೆ.
ಆಚೆ, ಅವಳ ಬಳೆಯ ಸದ್ದೂ
ಗೋಡೆಯ ತನಕ ಬಂದು ನಿಂತಿದೆ.